ಸ್ಯಾಕ್ಸೋಫೋನಿಗೆ ಡಿಲೇ ಪೆಡಲ್

ಪ್ರಶ್ನೆ: ಜಾಜ್ ತಂಡದಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತೇನೆ. ಮೈಕನ್ನು ನೇರವಾಗಿ ಗಿಟಾರಿನ ಡಿಲೇ ಪೆಡಲಿಗೆ (ನುಡಿಸಿದ್ದನ್ನು ತುಸು ತಡವಾಗಿ ಮರುಕಳಿಸುವ ಸಾಧನ) ಸೇರಿಸಿದರೆ ಸದ್ದು ಕ್ಷೀಣ. ತಂಡದ ಲಯ ಸ್ವಲ್ಪ ಓಡಿದರೂ ಪ್ರತಿಧ್ವನಿ ತಾಳ ತಪ್ಪುತ್ತದೆ. ಏನು ಮಾಡಲಿ?

ಉತ್ತರ: ಮೈಕಿನ ಸಿಗ್ನಲ್ ಪೆಡಲಿಗೆ ಸಾಲದು. ನಡುವೆ ಸಿಗ್ನಲ್ಲನ್ನು ಹಿಗ್ಗಿಸುವ ಪ್ರೀಆಂಪ್ ಬೇಕೇ ಬೇಕು. ಅದರ ಔಟ್‌ಪುಟ್ ಅತಿಯಾದರೆ ಪೆಡಲಿನಲ್ಲಿ ಸದ್ದು ಒಡೆಯುತ್ತದೆ, ಸೊನ್ನೆಯಿಂದ ನಿಧಾನವಾಗಿ ಏರಿಸಿ. ಕ್ಲಿಪ್ ಮೈಕನ್ನು ಬೆಲ್ಲಿನ (ವಾದ್ಯದ ಅಗಲವಾದ ತುದಿ) ಬಾಯೊಳಗೆ ತೂರಿಸಬೇಡಿ: ಹೆಚ್ಚಿನ ಸ್ವರಗಳು ತೆರೆದ ರಂಧ್ರಗಳಿಂದಲೂ ಹೊರಬರುತ್ತವೆ. ಅಂಚಿನಿಂದ ತುಸು ದೂರವಿಟ್ಟು ಕೀಲಿಗಳತ್ತ ಓರೆಯಾಗಿಸಿ.

ಲಯ ನಿಮಿಷಕ್ಕೆ 120 ಬೀಟ್ ಇದ್ದಾಗ ಒಂದು ಬೀಟಿಗೆ 500 ಮಿಲಿಸೆಕೆಂಡ್, 126ಕ್ಕೇರಿದರೆ 476. ಪೆಡಲ್ 500ರಲ್ಲೇ ಉಳಿದರೆ ಈ ಅಂತರ ಪ್ರತಿ ಮರುಧ್ವನಿಗೂ ಕೂಡುತ್ತಾ ಹೋಗುತ್ತದೆ. ಡ್ರಮ್ಮರನ್ನು ಕೇಳುತ್ತಾ ಪೆಡಲಿನ ಟ್ಯಾಪ್ ಸ್ವಿಚ್ಚನ್ನು (ಒತ್ತಿದ ಲಯಕ್ಕೆ ಡಿಲೇ ಹೊಂದಿಸುವ ಗುಂಡಿ) ತಾಳಕ್ಕೆ ಸರಿಯಾಗಿ ಆಗಾಗ ಒತ್ತಿ. ಲಯ ಸಡಿಲವಿರುವ ಕಡೆ ಎರಡೇ ಮರುಧ್ವನಿ ಸಾಕು, ಅವುಗಳ ತಾರ ಅಂಶವನ್ನೂ (ಟ್ರೆಬಲ್) ತಗ್ಗಿಸಿ. ಡ್ರಮ್ಮರನ ಸಿಂಬಲ್ ತಟ್ಟೆಯ ಸದ್ದಿನೊಂದಿಗೆ ಗುದ್ದಾಡುವುದು ಅದೇ.