ಬೂದಿ ಮುಚ್ಚಿದ ಕೆಂಡವನ್ನು ಆಕಾಶದಲ್ಲಿ ಹುಡುಕೋದು ಹೇಗೆ?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ, ನಮಗೆ ಹತ್ತಿರ ಇರುವ ನಕ್ಷತ್ರಗಳಲ್ಲಿ ಬಹುಪಾಲು ಬರಿಗಣ್ಣಿಗೆ ಕಾಣೋದೇ ಇಲ್ಲ ಅಂತ. ಇದ್ಯಾಕೋ ನಂಬೋಕೆ ಆಗ್ತಿಲ್ಲ ಅಂತ ಪತ್ರಗಳು ಬಂದಿವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯಿಂದ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ, ಅಂದರೆ ಮಂಕು ನಕ್ಷತ್ರಗಳಿಗೂ ನಕ್ಷತ್ರ ಆಗಲಾರದೆ ಉಳಿದ ಕಂದು ಕುಬ್ಜಗಳಿಗೂ.

ಪ್ರಶ್ನೆ: ಸರ್, ಹತ್ತಿರದ ದೀಪ ಜಾಸ್ತಿ ಬೆಳಗಬೇಕಲ್ವಾ? ಹತ್ತಿರದ ನಕ್ಷತ್ರವೇ ಕಾಣಲ್ಲ ಅಂದ್ರೆ ಹೇಗೆ? ಕಾಣದೇ ಇರೋದನ್ನ ಇದು ನಕ್ಷತ್ರ, ಇದು ಕಂದು ಕುಬ್ಜ ಅಂತ ಬೇರೆ ಹೇಗೆ ವಿಂಗಡಿಸ್ತಾರೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಗಂಗಾವತಿ

ನೋಡವ್ವಾ, ದೀಪದ ಕೆಳಗೆ ಕತ್ತಲು ಅಂತಾರಲ್ಲ, ಹಾಗೇ ಇದು. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ದೂರ 4.24 ಜ್ಯೋತಿರ್ವರ್ಷ. 1915ರವರೆಗೆ ಅದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ನಿಮ್ಮೂರ ಗದ್ದೆ ಬಯಲಲ್ಲಿ ನಿಂತರೆ ದಕ್ಷಿಣಕ್ಕೆ ತಗ್ಗಿನಲ್ಲಿ ಆಲ್ಫಾ ಸೆಂಟಾರಿ ಚೆನ್ನಾಗಿ ಹೊಳೆಯುತ್ತಿರುತ್ತದೆ. ಪ್ರಾಕ್ಸಿಮಾ ಅದರದೇ ಕುಟುಂಬ, ಇನ್ನೂ ಸ್ವಲ್ಪ ಹತ್ತಿರ ಬೇರೆ, ಆದರೂ ಕಣ್ಣಿಗೆ ಬೀಳೋದಿಲ್ಲ. ಯಾಕೆ ಅಂದರೆ ಅದರ ತೂಕ ಸೂರ್ಯನ ಎಂಟನೇ ಒಂದು ಭಾಗದಷ್ಟೇ, ಬೆಳಕಂತೂ ತೀರಾ ಕಮ್ಮಿ. ಇಂಥವನ್ನು ಕೆಂಪು ಕುಬ್ಜ ಅಂತಾರೆ. ನಮ್ಮ ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಇವೇ.

ಅದಕ್ಕಿಂತ ಕೆಳಗಿನ ಮೆಟ್ಟಿಲು ಕಂದು ಕುಬ್ಜ. ಅನಿಲದ ಮೋಡ ಕುಸಿದು ಉಂಡೆ ಕಟ್ಟುವಾಗ ಒಳಗೆ ಬಿಸಿ ಏರುತ್ತದೆ. ಉಂಡೆಯ ತೂಕ ಗುರು ಗ್ರಹದ ಸುಮಾರು 75ರಿಂದ 80 ಪಟ್ಟು ದಾಟಿದರೆ ನಡುವಿನ ಹೈಡ್ರೋಜನ್ ಹೊತ್ತಿಕೊಂಡು ಹಾಗೇ ನಿಲ್ಲುತ್ತದೆ, ನಕ್ಷತ್ರ ಆಯಿತು. ದಾಟದಿದ್ದರೆ ಒಲೆ ಹತ್ತುವುದೇ ಇಲ್ಲ. ಹುಟ್ಟುವಾಗಿನ ಬಿಸಿಯನ್ನೇ ಕಳೆದುಕೊಳ್ಳುತ್ತಾ ಕೋಟ್ಯಂತರ ವರ್ಷ ತಣ್ಣಗಾಗುತ್ತಾ ಹೋಗೋದು ಅಷ್ಟೇ ಅದರ ಬಾಳು.

ಕಮ್ಮಾರನ ಕುಲುಮೆ ನೋಡಿದೀಯಾ? ಕೆಂಪಗೆ ಕಾದ ಗುದ್ದಲಿಯನ್ನು ಇಕ್ಕಳದಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರೆ ಸ್ವಲ್ಪ ಹೊತ್ತಿಗೆ ಕೆಂಪು ಇಳಿದು ಕರ್ರಗಾಗುತ್ತದೆ. ಕಣ್ಣಿಗೆ ತಣ್ಣಗಾದಂತೆ ಕಾಣುತ್ತದೆ, ಆದರೆ ಯಾರೂ ಮುಟ್ಟೋದಿಲ್ಲ. ಅಂಗೈಯನ್ನು ಒಂದು ಗೇಣು ದೂರ ಹಿಡಿದರೆ ಕಾವು ಬಡಿಯುತ್ತದೆ. ಆ ಕಾವೇ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು. ನಮ್ಮ ಕಣ್ಣಿಗೆ ಅದು ಕಾಣಲ್ಲ, ಚರ್ಮಕ್ಕೆ ಗೊತ್ತಾಗುತ್ತದೆ. ಬೂದಿ ಮುಚ್ಚಿದ ಕೆಂಡದಂಥ ಈ ಕುಬ್ಜಗಳನ್ನು ಹುಡುಕೋಕೆ ಕಾವು ಕಾಣುವ ಕಣ್ಣೇ ಬೇಕು. 1997ರಿಂದ 2001ರವರೆಗೆ ಟೂಮಾಸ್ ಅನ್ನೋ ಸಮೀಕ್ಷೆ ಅರಿಜೋನಾ ಮತ್ತು ಚಿಲಿಯಿಂದ ಇಡೀ ಆಕಾಶವನ್ನು ಅವಕೆಂಪಿನಲ್ಲಿ ಜಾಲಾಡಿತು. 2009ರ ಡಿಸೆಂಬರ್‌ನಲ್ಲಿ ವೈಸ್ ಉಪಗ್ರಹ ಹಾರಿತು. ಅದರ ಚಿತ್ರಗಳಲ್ಲೇ 2013ರಲ್ಲಿ ಕೆವಿನ್ ಲೂಮನ್ ಅನ್ನೋ ಖಗೋಳಜ್ಞ ಒಂದು ಜೋಡಿ ಕಂದು ಕುಬ್ಜ ಕಂಡುಹಿಡಿದರು. ದೂರ 6.5 ಜ್ಯೋತಿರ್ವರ್ಷ, ಅಂದರೆ ನಮಗೆ ಮೂರನೇ ಹತ್ತಿರದ ಮನೆ. ಮರು ವರ್ಷ ಅವರೇ ಇನ್ನೊಂದನ್ನು ಹಿಡಿದರು, ಏಳು ಚಿಲ್ಲರೆ ಜ್ಯೋತಿರ್ವರ್ಷ ದೂರದಲ್ಲಿ. ಅದರ ಬಿಸಿ ಎಷ್ಟು ಗೊತ್ತಾ? ನಮ್ಮ ಫ್ರಿಜ್ಜಿನ ಆಸುಪಾಸು. ಮೇ ತಿಂಗಳ ಬಳ್ಳಾರಿ ಅದಕ್ಕಿಂತ ಬಿಸಿ!

ಈಗ ನಿನ್ನ ಎರಡನೇ ಪ್ರಶ್ನೆ, ಅದೇ ಮಜಾ ಇರೋದು. ಅವಕೆಂಪಿನಲ್ಲಿ ಹೊಳೆಯುವ ಚುಕ್ಕಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ಹತ್ತಿರದ ಕುಬ್ಜ ಆಗಬೇಕಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ, ಕೆಂಪಗಿರೋದೆಲ್ಲ ಕುಬ್ಜ ಅಲ್ಲ. ಅದಿರು ಲಾರಿಗಳು ಎಬ್ಬಿಸಿದ ಧೂಳಿನ ಹಿಂದೆ ಸಂಜೆ ಸೂರ್ಯ ಇನ್ನಷ್ಟು ಕೆಂಪಾಗೋದನ್ನು ಈ ಕಡೆಯವರು ಬೇಕಾದಷ್ಟು ನೋಡಿದ್ದೇವೆ. ಹಾಗೆಯೇ ದೂರದ ಮಾಮೂಲಿ ನಕ್ಷತ್ರ ಧೂಳಿನ ಮೋಡದ ಹಿಂದಿದ್ದರೆ ಕೆಂಪಗೆ ಕಾಣುತ್ತದೆ. ಸಾವಿರಾರು ಜ್ಯೋತಿರ್ವರ್ಷ ಆಚೆಯ ಕೆಂಪು ದೈತ್ಯ ನಕ್ಷತ್ರವೂ ಅದೇ ಬಣ್ಣದಲ್ಲಿ ಬಂದು ಮೋಸ ಮಾಡುತ್ತದೆ. ಅದಕ್ಕೆ ಮೊದಲು ಚುಕ್ಕಿ ಸರಿಯುತ್ತದಾ ಅಂತ ನೋಡುತ್ತಾರೆ. ಹೊಸಪೇಟೆ ಕಡೆ ರೈಲಿನಲ್ಲಿ ಹೋಗುವಾಗ ಹಳಿ ಪಕ್ಕದ ಕಂಬ ಸರ್ರನೆ ಹಿಂದೆ ಓಡುತ್ತದೆ, ದೂರದ ಗುಡ್ಡ ಕದಲೋದಿಲ್ಲ. ಹತ್ತು ವರ್ಷ ಅಂತರದ ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ಜಾಗ ಬಿಟ್ಟು ಸರಿದದ್ದು ಸಾಮಾನ್ಯವಾಗಿ ಹತ್ತಿರದ್ದು.

ಇಷ್ಟಾದರೂ ಅದು ಬರೀ ಗುಮಾನಿ. ಗುರುತಿನ ಚೀಟಿ ಸಿಗೋದು ಬೆಳಕನ್ನು ಬಿಡಿಸಿದಾಗ. ಮಳೆಬಿಲ್ಲಿನ ಹಾಗೆ ಬೆಳಕನ್ನು ಹರಡಿ, ಯಾವ ಅಲೆಯುದ್ದದಲ್ಲಿ ಎಷ್ಟು ಬೆಳಕು ಇದೆ ಅಂತ ಗೆರೆ ಎಳೆದರೆ ಅದೇ ರೋಹಿತ, ಸ್ಪೆಕ್ಟ್ರಮ್. ಕುಬ್ಜಗಳ ರೋಹಿತ ನೋಡಿದರೆ ಮಕ್ಕಳು ಅಲ್ಲಲ್ಲಿ ಕಚ್ಚಿ ಬಿಟ್ಟ ರೊಟ್ಟಿ ನೆನಪಾಗುತ್ತದೆ. 1.4 ಮತ್ತು 1.9 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತಿರ ದೊಡ್ಡ ಎರಡು ಕಚ್ಚು, ಅದು ಅದರ ವಾತಾವರಣದ ನೀರಾವಿ ನುಂಗಿದ ಬೆಳಕು. 2.3ರ ಹತ್ತಿರ ಕಾರ್ಬನ್ ಮೋನಾಕ್ಸೈಡ್. 1.14ರಲ್ಲಿ ಸೋಡಿಯಂ, 1.25ರಲ್ಲಿ ಪೊಟ್ಯಾಸಿಯಂ, ಇವು ಸಣ್ಣ ಕಚ್ಚು. ಯಾವ ಕಚ್ಚು ಎಷ್ಟು ಆಳ ಅನ್ನೋದರ ಮೇಲೆ ಜಾತಿ ಹೇಳುತ್ತಾರೆ. ಕೆಂಪು ಕುಬ್ಜಗಳದು ಎಂ ವರ್ಗ. ಅದಕ್ಕಿಂತ ತಣ್ಣಗಿನದು ಎಲ್. ಅದರಲ್ಲಿ ಕಬ್ಬಿಣವೂ ಮರಳಿನಂಥ ಸಿಲಿಕೇಟೂ ಗಟ್ಟಿಯಾಗಿ ಮೋಡ ಕಟ್ಟುತ್ತವೆ. ಕಬ್ಬಿಣದ ಮೋಡ, ಅಂದರೆ ಸಂಡೂರಿನವರು ಟೆಂಡರ್ ಹಾಕೋಕೆ ಲಾಯಕ್ಕು. ಇನ್ನೂ ತಣ್ಣಗಾದರೆ 1.6 ಮತ್ತು 2.2 ಮೈಕ್ರಾನಿನಲ್ಲಿ ಮೀಥೇನಿನ ಕಚ್ಚು ಬೀಳುತ್ತದೆ, ಅದು ಟಿ ವರ್ಗ. ಮೀಥೇನ್ ಅಂದರೆ ಸಗಣಿ ಗ್ಯಾಸಿನಲ್ಲಿ ಇರುತ್ತದಲ್ಲ, ಅದೇ. ನಕ್ಷತ್ರದ ಬಿಸಿಯಲ್ಲಿ ಅದು ಉಳಿಯೋದಿಲ್ಲ. ಹಾಗಾಗಿ ಮೀಥೇನ್ ಕಂಡಿತು ಅಂದರೆ ನಕ್ಷತ್ರ ಅಲ್ಲ ಅಂತ ಕಣ್ಣುಮುಚ್ಚಿ ಹೇಳಬಹುದು. ಕೊನೆಯದು ವೈ, ಅದನ್ನು ಗುರುತಿಸಿದ್ದು 2011ರಲ್ಲಿ.

ಒಂದು ತಕರಾರಿದೆ. ನಮ್ಮ ಭೂಮಿಯ ಗಾಳಿಯಲ್ಲೂ ನೀರಾವಿ ಇದೆಯಲ್ಲ, ಅದೂ ಅದೇ ಜಾಗದಲ್ಲಿ ಕಚ್ಚುತ್ತದೆ. ಯಾವ ಕಚ್ಚು ಯಾರದು? ಅಂಗಡಿಯಲ್ಲಿ ಎಣ್ಣೆ ಅಳೆಯುವ ಮೊದಲು ಖಾಲಿ ಡಬ್ಬಿ ತೂಗುತ್ತಾರೆ, ಹಾಗೇ ಇಲ್ಲೂ. ಮೈಮೇಲೆ ಅಷ್ಟಾಗಿ ಗೆರೆಗಳಿಲ್ಲದ ಒಂದು ಬಿಳಿ ನಕ್ಷತ್ರವನ್ನು ಅದೇ ರಾತ್ರಿ, ಆಕಾಶದಲ್ಲಿ ಅಷ್ಟೇ ಎತ್ತರದಲ್ಲಿ ನೋಡಿ, ಅದರಲ್ಲಿ ಕಂಡ ಕಚ್ಚು ನಮ್ಮ ಗಾಳಿಯದು ಅಂತ ಲೆಕ್ಕದಿಂದ ತೆಗೆದುಬಿಡುತ್ತಾರೆ. ಗಾಳಿ ತೆಳ್ಳಗೆ, ಒಣಗಿರುವ ಕಡೆ ದೂರದರ್ಶಕ ಕಟ್ಟೋದೂ ಇದಕ್ಕೇ. ನಮ್ಮದು ಲಡಾಖಿನ ಹಾನ್ಲೆಯಲ್ಲಿದೆ, 4500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸೋದು ಎಲ್ಲಿಂದ ಗೊತ್ತಾ? ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಇನ್ನೊಂದು ಮಾತು, ಪರೀಕ್ಷೆಯಲ್ಲಿ ಕೇಳೋದಿಲ್ಲ ಆದರೆ ನಿನಗೆ ಗೊತ್ತಿರಲಿ. ಎಲ್ ವರ್ಗ ಅಂತ ಗೊತ್ತಾದರೂ ಅದು ಮುದಿ ಪುಟ್ಟ ನಕ್ಷತ್ರವೋ ಎಳೆ ಕಂದು ಕುಬ್ಜವೋ ಅನ್ನೋದು ತೀರ್ಮಾನ ಆಗಲ್ಲ, ಎರಡರ ಬಿಸಿಯೂ ಒಂದೇ ಇರಬಹುದು. ಎಳೆಯದು ಇನ್ನೂ ಉಬ್ಬಿಕೊಂಡಿರುತ್ತದೆ, ಮೇಲ್ಮೈಯ ಸೆಳೆತ ಕಮ್ಮಿ. ಆಗ ಸೋಡಿಯಂ, ಪೊಟ್ಯಾಸಿಯಂ ಕಚ್ಚು ತೆಳುವಾಗುತ್ತವೆ, ರೋಹಿತದಲ್ಲಿ 1.65 ಮೈಕ್ರಾನಿನ ಸುತ್ತಲಿನ ದಿಬ್ಬ ಗೋಪುರದ ತುದಿಯ ಹಾಗೆ ಮೂರು ಮೂಲೆ ಆಗುತ್ತದೆ. ಲಿಥಿಯಂ ಪರೀಕ್ಷೆಯೂ ಇದೆ. ಪುಟ್ಟ ನಕ್ಷತ್ರ ಮುದಿಯಾಗೋ ಹೊತ್ತಿಗೆ ತನ್ನ ಲಿಥಿಯಂ ಸುಟ್ಟುಬಿಟ್ಟಿರುತ್ತದೆ, ಆದರೆ ಗುರುವಿನ ಸುಮಾರು 65 ಪಟ್ಟಿಗಿಂತ ಹಗುರಾದವು ಸುಡಲಾರವು, ಹಾಗೇ ಉಳಿಸಿಕೊಂಡಿರುತ್ತವೆ. ಅದರ ಗೆರೆ ಇರೋದು ಮಾತ್ರ ಕಣ್ಣಿಗೆ ಕಾಣುವ ಕೆಂಪಿನಲ್ಲಿ.

ಪ್ರಶ್ನೆ: ನಮ್ಮ ಪ್ಲಾಂಟಿನಲ್ಲಿ ಬಿಸಿ ಲೋಹದ ಬಣ್ಣ ನೋಡೇ ಅಂದಾಜು ಹೇಳ್ತೀವಿ, ಮೇಲೆ ದೂರದಿಂದಲೇ ಬಿಸಿ ಅಳೆಯೋ ಪೈರೋಮೀಟರ್ ಇದೆ. ನಕ್ಷತ್ರಕ್ಕೂ ಅದೇ ಸಾಕಲ್ಲ, ಈ ರೋಹಿತದ ತಲೆನೋವು ಯಾಕೆ?
– ಉಕ್ಕಿನ ಕಾರ್ಖಾನೆ ನೌಕರ, ತೋರಣಗಲ್ಲು

ಅಣ್ಣಾರೇ, ನಿಮ್ಮ ಕುಲುಮೆಯಿಂದ ಹರಿಯೋ ಕಬ್ಬಿಣ ಸುಮಾರು 1500 ಡಿಗ್ರಿ. ಒಂದು ಎಲ್ ಕುಬ್ಜದ ಬಿಸಿಯೂ ಅಷ್ಟೇ ಇರುತ್ತದೆ! ನೀವು ದಿನಾ ಡ್ಯೂಟಿಯಲ್ಲಿ ನೋಡ್ತಿರೋದು ಹತ್ತಿರ ಹತ್ತಿರ ಒಂದು ಕಂದು ಕುಬ್ಜದ ಮೈಬಣ್ಣವನ್ನೇ.

ಆದರೆ ಒಂದೇ ಅಂಕಿ ನಂಬಿದರೆ ಏನಾಗುತ್ತದೆ ಅಂತ ನನ್ನದೇ ಕತೆ ಹೇಳ್ತೀನಿ. ಕೊರೋನಾ ಕಾಲದಲ್ಲಿ ಬಿಸಿ ಅಳೆಯೋ ಒಂದು ಗನ್ ತಂದಿದ್ದೆ, ಒಂದು ಅಂಗಡಿಯವರು ಯಾವ ವಸ್ತುವಿಗೆ ಹಿಡಿದರೂ ಕರಾರುವಾಕ್ಕು ಅಂತ ತಲೆಗೆ ಕಟ್ಟಿದ್ದರು. ಮನೆಯವಳು ಜೋಳದ ರೊಟ್ಟಿ ಬಡಿಯುವಾಗ ಕರೀ ಹಂಚಿಗೆ ಹಿಡಿದೆ, 220 ಅಂತು, ಸರಿಯೇ ಇರಬೇಕು. ಪಕ್ಕದ ಒಲೆಯಲ್ಲಿ ಫಳಫಳ ತಿಕ್ಕಿದ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಅದಕ್ಕೆ ಹಿಡಿದರೆ 46! ಕುದಿಯುವ ನೀರಿನ ಪಾತ್ರೆ 46 ಡಿಗ್ರಿ ಅಂತೆ. ಹೊಳೆಯುವ ಲೋಹ ತನ್ನ ಕಾವು ಕಮ್ಮಿ ಸೂಸಿ, ಸುತ್ತಲಿನದನ್ನು ಕನ್ನಡಿ ಹಾಗೆ ತೋರಿಸುತ್ತದೆ, ಗನ್ನಿಗೆ ಅದು ಗೊತ್ತಾಗಲ್ಲ. ಎಷ್ಟು ಬೆಳಕು ಬಂತು ಅನ್ನೋದೊಂದೇ ಅದಕ್ಕೆ ಗೊತ್ತು, ಯಾರಿಂದ ಬಂತು ಅನ್ನೋದು ಗೊತ್ತಿಲ್ಲ.

ನಿಮ್ಮಲ್ಲೂ ಬರೀ ಬಿಸಿ ನೋಡಿ ಉಕ್ಕು ಪಾಸ್ ಮಾಡಲ್ಲ ತಾನೆ? ಸ್ಯಾಂಪಲ್ ಬಿಲ್ಲೆ ಲ್ಯಾಬಿಗೆ ಹೋಗುತ್ತದೆ, ಅಲ್ಲಿ ಸ್ಪೆಕ್ಟ್ರೋಮೀಟರಿನಲ್ಲಿ ಕಿಡಿ ಹಾರಿಸಿ, ಕಿಡಿಯ ಬೆಳಕನ್ನು ಬಿಡಿಸಿ ಮ್ಯಾಂಗನೀಸ್ ಎಷ್ಟು, ಗಂಧಕ ಎಷ್ಟು ಅಂತ ಹೇಳ್ತಾರೆ. ನಕ್ಷತ್ರದ್ದೂ ಅದೇ ಲ್ಯಾಬ್ ರಿಪೋರ್ಟ್. ನಿಮ್ಮ ಕಿಡಿಯಲ್ಲಿ ಗೆರೆಗಳು ಹೊಳೆಯುತ್ತವೆ, ಕುಬ್ಜದಲ್ಲಿ ಅವೇ ಗೆರೆಗಳು ಕಪ್ಪಾಗಿ ಬೀಳುತ್ತವೆ. ಒಳಗಿನಿಂದ ಬರುವ ಬೆಳಕನ್ನು ಮೇಲಿನ ತಣ್ಣಗಿನ ಅನಿಲ ದಾರಿಯಲ್ಲೇ ನುಂಗುತ್ತದೆ, ಅದಕ್ಕೆ.

ಪ್ರಶ್ನೆ: ಕಂದು ಕುಬ್ಜ ನಿಜವಾಗ್ಲೂ ಕಂದು ಬಣ್ಣನಾ? ಮಗ ಕೇಳಿ ಕೇಳಿ ತಲೆ ತಿಂತಿದಾನೆ.
– ಗೃಹಿಣಿ, ರಾಯಚೂರು

ಅಲ್ಲ ಅಕ್ಕಾರೇ. 1975ರಲ್ಲಿ ಜಿಲ್ ಟಾರ್ಟರ್ ಅನ್ನೋ ವಿಜ್ಞಾನಿ ಇಟ್ಟ ಹೆಸರು ಅದು, ಆಗ ಒಂದನ್ನೂ ಯಾರೂ ಕಂಡಿರಲಿಲ್ಲ. ಇಂಥವು ಇರಬೇಕು ಅಂತ ಲೆಕ್ಕ ಹಾಕಿದವರಲ್ಲಿ ಭಾರತ ಮೂಲದ ಶಿವ್ ಕುಮಾರ್ ಮೊದಲಿಗರು, ಅದು 1960ರ ದಶಕದ ಶುರುವಿನಲ್ಲಿ. ನಿಜವಾದ ಬಣ್ಣ ಕಡು ಕೆಂಪು, ಕೆಲವದು ನೇರಳೆ ಬೆರೆತ ಕೆಂಪು. ಮಗನಿಗೆ ಅಡುಗೆ ಮನೆಯಲ್ಲೇ ತೋರಿಸಿ: ಗ್ಯಾಸ್ ಉರಿಗೆ ಒಂದು ಚಿಟಿಕೆ ಉಪ್ಪು ಉದುರಿಸಿದರೆ ಉರಿ ಹಳದಿ ಆಗುತ್ತದೆ, ಅದು ಸೋಡಿಯಂ. ಕುಬ್ಜದ ಸೋಡಿಯಂ ಅದೇ ಹಳದಿಯನ್ನು ನುಂಗಿಬಿಡುತ್ತದೆ. ಹಳದಿ ಹೋದ ಮೇಲೆ ಉಳಿಯೋದು ಆ ನೇರಳೆಗೆಂಪು.

ಮಗನಿಗೆ ಇನ್ನೊಂದೂ ಹೇಳಿ. 1995ರಲ್ಲಿ ಮೀಥೇನ್ ಕಚ್ಚು ತೋರಿಸಿ, ಇದು ನಕ್ಷತ್ರ ಅಲ್ಲವೇ ಅಲ್ಲ ಅಂತ ಸಾಬೀತಾದ ಗ್ಲೀಸ್ 229ಬಿ ಅನ್ನೋ ಕಂದು ಕುಬ್ಜವನ್ನು ಕಂಡವರ ತಂಡದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿ ಇದ್ದರು. ಸುಧಾ ಮೂರ್ತಿಯವರ ತಮ್ಮ. ಆ ಕುಬ್ಜದ ತೂಕಕ್ಕೆ ತಕ್ಕ ಬೆಳಕಿಲ್ಲವಲ್ಲ ಅಂತ ಎಷ್ಟೋ ವರ್ಷ ಜನ ತಲೆ ಕೆರೆದುಕೊಂಡರು. 2024ರಲ್ಲಿ ಗೊತ್ತಾಯಿತು, ಅದು ಒಂದಲ್ಲ, 12 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುವ ಎರಡು.

ಪ್ರಶ್ನೆ: ಈ ಕುಬ್ಜಗಳು ಯಾವ ರಾಶಿಯವರಿಗೆ ಕೆಡುಕು?
– ಸಿಂಧನೂರು

ಮಲಗೋ ಹೊತ್ತಲ್ಲಿ ಇದರ ಬಗ್ಗೆ ಓದುವವರಿಗೆ, ರಾಶಿ ಯಾವುದಾದರೂ ಸರಿ. ನಿದ್ದೆ ಕೆಡುತ್ತದೆ.

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ದೊಡ್ಡ ಟೆಲಿಸ್ಕೋಪ್ ಇಲ್ಲ. ಹುಡುಗರಿಗೆ ಇದರಲ್ಲಿ ಏನಾದರೂ ಮಾಡಿಸಬಹುದೇ?
– ವಿಜ್ಞಾನ ಶಿಕ್ಷಕರು, ಕೊಪ್ಪಳ ಜಿಲ್ಲೆ

ಮಾಡಿಸಬಹುದು ಮೇಷ್ಟ್ರೇ. ಟಿವಿ ರಿಮೋಟ್ ತುದಿಯ ಬಲ್ಬನ್ನು ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿಸಿ. ಕಣ್ಣಿಗೆ ಕಾಣದ ಬಲ್ಬು ಪರದೆಯಲ್ಲಿ ಮಿಣಮಿಣ ಅನ್ನುತ್ತದೆ. ಅವಕೆಂಪು ಅಂದರೆ ಏನು ಅಂತ ಮತ್ತೆ ವಿವರಿಸಬೇಕಾಗಿಲ್ಲ. ಆಮೇಲೆ ಒಂದು ಹಳೇ ಸಿಡಿ ತಗೊಂಡು ಹಳೇ ಥರದ (ಎಲ್‌ಇಡಿ ಅಲ್ಲದ) ಟ್ಯೂಬ್‌ಲೈಟಿನ ಬೆಳಕನ್ನೂ ಹಳೇ ತಂತಿ ಬಲ್ಬಿನ ಬೆಳಕನ್ನೂ ಅದರಲ್ಲಿ ನೋಡಿಸಿ. ಟ್ಯೂಬಿನದು ಪಟ್ಟೆ ಪಟ್ಟೆ, ಬಲ್ಬಿನದು ಒಂದೇ ಸಮ.

ಬೈನಾಕ್ಯುಲರ್ ಇದ್ದರೆ ಏಪ್ರಿಲ್ ಸಂಜೆಗಳಲ್ಲಿ ಸಪ್ತರ್ಷಿ ಮಂಡಲದ ಕಡೆ ಲಲಾಂಡ್ 21185 ಅನ್ನೋ ಕೆಂಪು ಕುಬ್ಜ ಹುಡುಕಿಸಿ. 8.3 ಜ್ಯೋತಿರ್ವರ್ಷ ದೂರ. ನಕ್ಷೆ ಬೇಕೇ ಬೇಕು, ನೋಡೋಕೆ ಸುಮ್ನೆ ಒಂದು ಚುಕ್ಕಿ ಅಷ್ಟೇ, ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಹುಡುಗರು ಬೇಜಾರಾಗ್ತಾರೆ.

ನಿಜವಾದ ಬೇಟೆ ಬೇಕಿದ್ದರೆ ಬ್ಯಾಕ್‌ಯಾರ್ಡ್ ವರ್ಲ್ಡ್ಸ್ ಅನ್ನೋ ಯೋಜನೆ 2017ರಿಂದ ನಡೀತಿದೆ. ವೈಸ್ ಉಪಗ್ರಹ ಬೇರೆ ಬೇರೆ ವರ್ಷ ತೆಗೆದ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸುತ್ತಾರೆ, ನಾವು ಜಿಗಿಯುವ ಚುಕ್ಕಿಯನ್ನು ಗುರುತು ಹಾಕಬೇಕು, ಆಮೇಲೆ ವಿಜ್ಞಾನಿಗಳು ದೊಡ್ಡ ದೂರದರ್ಶಕಗಳಲ್ಲಿ ಅದನ್ನು ಪರಿಶೀಲಿಸುತ್ತಾರೆ. 2020ರಲ್ಲಿ ಒಂದೇ ಸಲಕ್ಕೆ 95 ಹೊಸ ನೆರೆಹೊರೆಯ ತಂಪು ಕುಬ್ಜಗಳನ್ನು ಪ್ರಕಟಿಸಿದರು, ಹುಡುಕಿದವರು ಬಹುಪಾಲು ಮನೆಯಲ್ಲಿ ಕೂತ ಸಾಮಾನ್ಯ ಜನ. ನಾನೂ ನಾಲ್ಕು ಸಂಜೆ ಕೂತಿದ್ದೆ. ಒಂದು ಚುಕ್ಕಿ ಜಿಗಿದ ಹಾಗೆ ಕಂಡು ಕುಣಿದಾಡಿದೆ, ನೋಡಿದರೆ ಪಕ್ಕದ ಪ್ರಖರ ನಕ್ಷತ್ರದ ಬೆಳಕು ಕ್ಯಾಮೆರಾದೊಳಗೆ ಚದುರಿ ಮೂಡಿದ ಸುಳ್ಳು ಚುಕ್ಕಿ. ಅಂಥವು ಎಷ್ಟೋ ಇರುತ್ತವೆ. ಕಂಪ್ಯೂಟರ್ ಲ್ಯಾಬಿನಲ್ಲಿ ಕರೆಂಟ್ ಇರೋ ದಿನ ನೋಡಿ ಶುರು ಮಾಡಿಸಿ, ಎರಡೆರಡು ಹುಡುಗರನ್ನು ಒಂದು ಪರದೆಗೆ ಕೂರಿಸಿ. ಒಬ್ಬ ಇದೆ ಅನ್ನಬೇಕು, ಇನ್ನೊಬ್ಬ ಇಲ್ಲ ಅಂತ ವಾದ ಮಾಡಬೇಕು.