ಫ್ರಿಡ್ಜ್ ಬಾಗಿಲಿನ ಫೋಟೊ

(ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ವಿದ್ಯಾ ಮೊದಲ ದಿನ ಬಂದು ಕೂತವರೇ ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಟೇಬಲ್ ಮೇಲೆ ಬಿಡಿಸಿಟ್ಟರು. ಒಬ್ಬ ಗಂಡಸಿನ ಫೋಟೊ. ನರೆತ ಗಡ್ಡ, ಕನ್ನಡಕ. ಕೆಳಗೆ ಹೆಸರು, ವಯಸ್ಸು, ಎತ್ತರ, ತೂಕ, ಕಾರಿನ ನಂಬರು, ಮನೆ ವಿಳಾಸ. ಯಾವ ಅಪರಾಧಕ್ಕೆ ಶಿಕ್ಷೆ ಆಗಿದೆ ಅಂತ ಎರಡು ಸಾಲು.

"ಇವನು ನಮ್ಮ ಮನೆಯಿಂದ ಮುಕ್ಕಾಲು ಮೈಲಿ ದೂರ ಇದ್ದಾನೆ ಮೇಡಂ. ಮನೆ ತಗೊಂಡು ಆರು ವಾರ ಆಯ್ತು. ಆರು ವಾರದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ."

ನಾನು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಆಪ್ತಸಲಹೆಗಾರ್ತಿ. ಪೊಲೀಸರು ಇಂಟರ್ನೆಟ್ಟಿನಲ್ಲಿ ಹಾಕುವ ಲೈಂಗಿಕ ಅಪರಾಧಿಗಳ ಸಾರ್ವಜನಿಕ ಪಟ್ಟಿ ನೋಡಿ ಗಾಬರಿಯಾಗಿ ಬರುವ ತಂದೆ ತಾಯಂದಿರು ನನಗೆ ಹೊಸಬರಲ್ಲ. ಆದರೆ ವಿದ್ಯಾ ಹೇಳಿದ ಮುಂದಿನ ಮಾತು ಕೇಳಿ ನಾನು ಪೆನ್ನು ಕೆಳಗಿಟ್ಟೆ. "ಮೂರು ಪ್ರಿಂಟ್ ತೆಗೆದಿದೀನಿ. ಒಂದು ಇದು, ಒಂದು ಕಾರಲ್ಲಿ, ಇನ್ನೊಂದು ಫ್ರಿಡ್ಜ್ ಮೇಲೆ. ಅನು ದಿನಾ ನೋಡ್ಲಿ, ಮುಖ ನೆನಪಿರ್ಲಿ ಅಂತ."

ಅನುಗೆ 7 ವರ್ಷ. ಎರಡನೇ ವಾರದಿಂದ ರಾತ್ರಿ ಹಾಸಿಗೆಯಲ್ಲಿ ಒಂದ ಮಾಡಿಕೊಳ್ಳುತ್ತಿದ್ದಾಳೆ. ಬಾತ್‌ರೂಮಿಗೆ ಒಬ್ಬಳೇ ಹೋಗುವುದಿಲ್ಲ. ಅಂಚೆ ಹಾಕಲು ಬರುವವರಿಗೂ ನರೆತ ಗಡ್ಡ ಇದೆ. ಅವರ ಗಾಡಿ ಶಬ್ದ ಕೇಳಿದರೆ ಸೋಫಾದ ಹಿಂದೆ ಅಡಗಿಕೊಳ್ಳುತ್ತಾಳೆ. ಮಕ್ಕಳ ಡಾಕ್ಟರು ನೋಡಿದ್ದಾರೆ, ದೇಹಕ್ಕೆ ಏನೂ ತೊಂದರೆ ಇಲ್ಲ ಅಂದಿದ್ದಾರೆ. ನಾನೂ ಎರಡು ಸಲ ಅನು ಜೊತೆ ಒಬ್ಬಳೇ ಕೂತು ಮಾತಾಡಿದೆ. ಯಾರಿಂದಲೋ ಏನೋ ಆಗಿದೆ ಅನ್ನುವಂಥ ಸುಳಿವು ಸಿಗಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಅಂಕಲ್ ಈಗ ಎಲ್ಲಿದಾರೆ?"

ಮನೆಯ ಫ್ರಿಡ್ಜಿನ ಒಂದು ಫೋಟೊ ಕಳಿಸಿ ಅಂತ ವಿದ್ಯಾಗೆ ಹೇಳಿದ್ದೆ. ಕಳಿಸಿದರು. ಮೈಸೂರು ಅರಮನೆಯ ಮ್ಯಾಗ್ನೆಟ್, ಅದರ ಕೆಳಗೆ ಆ ಪ್ರಿಂಟ್. ಅದರ ಮೇಲೆ ಅನುವಿನ ಸ್ಪೆಲ್ಲಿಂಗ್ ಹಾಳೆ, ಇನ್ನೊಂದು ಮ್ಯಾಗ್ನೆಟ್ಟಿನಲ್ಲಿ ಒತ್ತಿದ್ದು. ಆ ಮನುಷ್ಯನ ಗಡ್ಡದ ತುದಿ ಮಾತ್ರ ಕಾಣುತ್ತಿತ್ತು. ಹಾಳೆಯ ಕೆಳಗಿನ ಅಂಚು ಸೊಟ್ಟಗಿತ್ತು. ಏಳು ವರ್ಷದ ಮಗುವಿನ ಕೈ ಎಷ್ಟು ಎಟುಕುತ್ತದೋ ಅಷ್ಟು. ಮಗಳು ಆ ಮುಖ ಮುಚ್ಚಿದ್ದಾಳೆ ಅಂತ ತಾಯಿಗೆ ಹೊಳೆದೇ ಇರಲಿಲ್ಲ. ಹೋಂವರ್ಕ್ ಅಂಟಿಸಿದ್ದಾಳೆ ಅಂದುಕೊಂಡಿದ್ದರು.

ವಿದ್ಯಾ ಹೆದರಿದ್ದು ಸುಮ್ನೆ ಅಲ್ಲ. ಈ ಪಟ್ಟಿ ಜನರ ಕಣ್ಣಿಗೆ ಬಿದ್ದ ಕಥೆಗೆ ದೊಡ್ಡ ತಿರುವು ಸಿಕ್ಕಿದ್ದೇ ನಮ್ಮ ರಾಜ್ಯದಲ್ಲಿ, ಇವರ ಮನೆಯಿಂದ ಮುಕ್ಕಾಲು ಗಂಟೆ ದಾರಿಯ ಹ್ಯಾಮಿಲ್ಟನ್ ಟೌನ್‌ಶಿಪ್‌ನಲ್ಲಿ. 1994ರ ಜುಲೈ 29ರಂದು ಮೇಗನ್ ಕಾಂಕಾ ಅನ್ನುವ ಹುಡುಗಿಯನ್ನು ಎದುರು ಮನೆಯವನೇ ಕೊಂದ. ಅವಳಿಗೂ ಆಗ 7 ವರ್ಷ. ಕೊಂದವನಿಗೆ ಮಕ್ಕಳ ಮೇಲಿನ ಅಪರಾಧದಲ್ಲಿ ಮೊದಲೇ ಎರಡು ಸಲ ಶಿಕ್ಷೆ ಆಗಿತ್ತು. ಬೀದಿಯವರಿಗೆ ಅದು ಗೊತ್ತಿರಲಿಲ್ಲ. ಅವಳ ತಂದೆ ತಾಯಿ ಹೋರಾಡಿದರು. ಮೂರು ತಿಂಗಳಲ್ಲಿ, ಅಕ್ಟೋಬರ್ 31ಕ್ಕೆ, ಇಂಥವರು ಎಲ್ಲಿದ್ದಾರೆ ಅಂತ ಜನರಿಗೆ ತಿಳಿಸುವ, ಮೇಗನ್ ಹೆಸರಿನ ಕಾನೂನು ನ್ಯೂಜೆರ್ಸಿಯಲ್ಲಿ ಬಂತು. 1996ರಲ್ಲಿ ಇಡೀ ದೇಶಕ್ಕೆ ಬಂತು. ಇದನ್ನೆಲ್ಲ ಓದಿದ ತಾಯಿಗೆ ನಿದ್ದೆ ಹೇಗೆ ಬಂದೀತು? ಪಟ್ಟಿ ನೋಡಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ನೋಡಬೇಕು. ಆದರೆ ಅದರಲ್ಲಿ ಏನಿದೆ, ಏನಿಲ್ಲ ಅಂತ ತಿಳಿದು ನೋಡಬೇಕು.

ಎರಡನೇ ಭೇಟಿ ಪೂರ್ತಿ ಅದಕ್ಕೇ ಹೋಯಿತು. ಗಂಡ ರಘು ಕೂಡ ಬಂದಿದ್ದರು. ನ್ಯೂಜೆರ್ಸಿಯಲ್ಲಿ ಅಪರಾಧಿಗಳನ್ನು ಮೂರು ಹಂತವಾಗಿ ವಿಂಗಡಿಸುತ್ತಾರೆ. ಮೊದಲ ಹಂತ, ಅಪಾಯ ಕಡಿಮೆ ಅಂತ ಅಂದಾಜಾದವರು: ಇವರ ವಿಷಯ ಸಾಮಾನ್ಯವಾಗಿ ಪೊಲೀಸರಿಗೆ ಮಾತ್ರ ಗೊತ್ತಿರುತ್ತದೆ, ಇಂಟರ್ನೆಟ್ಟಿಗೆ ಬರುವುದಿಲ್ಲ. ಎರಡನೇ ಹಂತದವರ ಬಗ್ಗೆ ಶಾಲೆಗಳಿಗೂ ಮಕ್ಕಳ ಸಂಸ್ಥೆಗಳಿಗೂ ತಿಳಿಸುತ್ತಾರೆ. ಮೂರನೇ ಹಂತದವರಾದರೆ ಪೊಲೀಸರೇ ಸುತ್ತಲಿನ ಮನೆಗಳಿಗೆ ತಿಳಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಹೆಚ್ಚಾಗಿ ಕಾಣುವುದು ಮೂರನೇ ಹಂತದವರು ಮತ್ತು ಎರಡನೇ ಹಂತದಲ್ಲಿ ಕೆಲವರು. ಆ ಎರಡನೇ ಹಂತದಲ್ಲೂ, ಸಂಬಂಧಿಕರ ಮಗುವಿನ ಮೇಲೆ ಅಪರಾಧ ಮಾಡಿದವನ ಹೆಸರು ಸಾಮಾನ್ಯವಾಗಿ ಹಾಕುವುದಿಲ್ಲ. ಹಾಕಿದರೆ ಆ ಮಗು ಯಾರು ಅಂತ ಊರಿಗೆಲ್ಲ ಗೊತ್ತಾಗಿಬಿಡುತ್ತದೆ ಅಲ್ವಾ?

ಇದನ್ನು ಕೇಳಿ ರಘು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಂಡತಿ ಕಡೆ ತಿರುಗಿ, "ಮ್ಯೂಸಿಕ್ ಸರ್ ಹೆಸರು ಹಾಕಿ ನೋಡಿದ್ದೆ ಅಲ್ವಾ ನೀನು?" ಅಂದರು.

ನೋಡಿದ್ದರು. ಹೆಸರು ಬರಲಿಲ್ಲ. ಬರಲಿಲ್ಲ ಅಂತಲೇ ಪ್ರತಿ ಶನಿವಾರ ಒಂದೂವರೆ ಗಂಟೆ ಮಗಳನ್ನು ಅವರ ಬೇಸ್‌ಮೆಂಟಿನಲ್ಲಿ ಬಿಟ್ಟು, ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಆ ಮೇಷ್ಟ್ರ ಮೇಲೆ ನನಗೆ ಯಾವ ಅನುಮಾನವೂ ಇಲ್ಲ, ಇವರಿಗೂ ಇಲ್ಲ. ನಾನು ಹೇಳಿದ್ದು ಇಷ್ಟೇ: ಹೆಸರು ಬರದಿದ್ದರೆ ಅದು ಸರ್ಟಿಫಿಕೇಟ್ ಅಲ್ಲ. ಸಿಕ್ಕಿಬಿದ್ದು, ಕೇಸಾಗಿ, ಶಿಕ್ಷೆ ಆದವರು ಮಾತ್ರ ಆ ಪಟ್ಟಿಗೆ ಬರುತ್ತಾರೆ. ದೂರೇ ಆಗದ ಪ್ರಕರಣಗಳು ಎಷ್ಟಿರುತ್ತವೆ ಅನ್ನುವುದು ನಮ್ಮ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. 2000ನೇ ಇಸವಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಒಂದು ವರದಿ ಕೊಟ್ಟಿತು. ಪೊಲೀಸರವರೆಗೆ ಬಂದ ಪ್ರಕರಣಗಳಲ್ಲಿ, 18 ತುಂಬದ 100 ಮಕ್ಕಳಲ್ಲಿ ಸುಮಾರು 93 ಮಕ್ಕಳಿಗೆ ಆ ಮನುಷ್ಯ ಮೊದಲೇ ಪರಿಚಯದವನು. ಅದರಲ್ಲಿ ಸುಮಾರು 34 ಮಕ್ಕಳಿಗೆ ಕುಟುಂಬದವನೇ.

ಇನ್ನೊಂದು ವಿಷಯಕ್ಕೆ ನಾನು ಸ್ವಲ್ಪ ಗಟ್ಟಿ ದನಿಯಲ್ಲೇ ಮಾತಾಡಬೇಕಾಯಿತು. ರಘು ಆ ಫೋಟೊವನ್ನು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಯಾರೋ ಒಬ್ಬರು "ನಾಲ್ಕು ಜನ ಹೋಗಿ ಮಾತಾಡಿಸಿ ಬರೋಣ" ಅಂತ ಬರೆದಿದ್ದರು. ಅವತ್ತೇ ಅಳಿಸಿ ಅಂದೆ. ಪಟ್ಟಿಯ ಮಾಹಿತಿ ಹಿಡಿದುಕೊಂಡು ಬೆದರಿಸುವುದು, ಕಿರುಕುಳ ಕೊಡುವುದು ಅಪರಾಧ. 2006ರ ಏಪ್ರಿಲ್‌ನಲ್ಲಿ ಮೇನ್ ರಾಜ್ಯದಲ್ಲಿ ಒಬ್ಬ ಯುವಕ ಇಂಥದೇ ಪಟ್ಟಿಯಿಂದ ವಿಳಾಸ ತೆಗೆದು ಇಬ್ಬರನ್ನು ಗುಂಡಿಟ್ಟು ಕೊಂದ. ಅವರಲ್ಲಿ ಒಬ್ಬನ ಹೆಸರು ಪಟ್ಟಿಗೆ ಬಂದಿದ್ದು, 16 ತುಂಬಲು ಕೆಲವೇ ವಾರ ಬಾಕಿ ಇದ್ದ ಗೆಳತಿಯ ಜೊತೆಗಿನ ಸಂಬಂಧಕ್ಕೆ. ವಿಳಾಸ ಈಗಲೂ ಅದೇನಾ ಅನ್ನುವ ಅನುಮಾನ ಇದ್ದರೆ, ಆ ಮನುಷ್ಯ ಶಾಲೆಯ ಹತ್ತಿರ ಸುಳಿದಾಡುವುದು ಕಂಡರೆ, ಟೌನ್ ಪೊಲೀಸರಿಗೆ ಫೋನ್ ಮಾಡಿ. ಅವನ ಮನೆ ಬಾಗಿಲಿಗೆ ಹೋಗುವುದು ನಿಮ್ಮ ಕೆಲಸ ಅಲ್ಲ. ರಘು ಆ ವಾರವೇ ಫೋನ್ ಮಾಡಿದರು, ಪೊಲೀಸರು ಸಮಾಧಾನವಾಗಿ ಮಾತಾಡಿದರಂತೆ.

ಮೂರನೇ ಸಲ ವಿದ್ಯಾ ಜೊತೆ ಅವರ ಅತ್ತೆ ಬಂದರು. ಆರು ತಿಂಗಳಿಗೆ ಅಂತ ಶಿವಮೊಗ್ಗದ ಕಡೆಯಿಂದ ಬಂದಿರುವವರು. "ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ" ಅಂತಾರೆ ಅಂತ ಸೊಸೆ ಮೊದಲೇ ಹೇಳಿದ್ದರು. ಆ 93ರ ಲೆಕ್ಕ ಮತ್ತೆ ಬಂತು. ವಿದ್ಯಾ, "ಇರಬಹುದು ಮೇಡಂ, ಆದ್ರೆ ನಮ್ಮನೇಲಿ ಅಂಥೋರು ಯಾರೂ ಇಲ್ಲ" ಅಂದರು.

ಅತ್ತೆ ಸೆರಗು ಸರಿ ಮಾಡಿಕೊಂಡರು.

"ಒಬ್ಬ ನೆಂಟ ಬರ್ತಿದ್ದ ನೋಡಮ್ಮ. ಹಬ್ಬಕ್ಕೆ, ತಿಥಿಗೆ. ಅವನು ಬಂದ ರಾತ್ರಿ ನಮ್ಮತ್ತೆ ಏನೂ ಹೇಳ್ತಿರ್ಲಿಲ್ಲ. ಹೆಣ್ಣುಮಕ್ಕಳ ಹಾಸಿಗೆ ನಡುಮನೆಯಿಂದ ಎತ್ತಿ ಅಡುಗೆಮನೆ ಪಕ್ಕದ ಕೋಣೆಗೆ ಹಾಕ್ತಿದ್ರು, ಅಷ್ಟೇ. ಆಮೇಲೆ ನಾನೂ ಹಂಗೇ ಮಾಡ್ದೆ. ಮಕ್ಕಳು ಯಾಕಮ್ಮ ಅಂತ ಕೇಳ್ತಿದ್ವು. ನಡುಮನೇಲಿ ಸೊಳ್ಳೆ ಜಾಸ್ತಿ ಅಂತಿದ್ದೆ."

ವಿದ್ಯಾ ಅತ್ತೆಯ ಮುಖವನ್ನೇ ನೋಡುತ್ತಾ ಕೂತರು. ಮದುವೆಯಾಗಿ ಹತ್ತು ವರ್ಷದಲ್ಲಿ ಈ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

"ಆ ನೆಂಟರು ಈಗ ಇದಾರಾ ಅಮ್ಮ?" ಅಂತ ಕೇಳಿದೆ. ಕೇಳಲೇಬೇಕಿತ್ತು. ಯಾವುದೇ ಮಗುವಿಗೆ ಈಗ ಅಪಾಯ ಇದೆ ಅಂತ ಗೊತ್ತಾದರೆ ನಾನು ಗುಟ್ಟು ಕಾಪಾಡಲು ಆಗುವುದಿಲ್ಲ, ಇದನ್ನು ಬಂದವರಿಗೆಲ್ಲ ಮೊದಲ ದಿನವೇ ಹೇಳಿರುತ್ತೇನೆ. ನ್ಯೂಜೆರ್ಸಿಯಲ್ಲಿ ಈ ಹೊಣೆ ನನಗೆ ಮಾತ್ರ ಅಲ್ಲ, ಎಲ್ಲರಿಗೂ ಇದೆ. ಭಾರತದಲ್ಲೂ ಹಾಗೇ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ತಿಳಿಸದಿದ್ದರೆ ಅದೂ ತಪ್ಪೇ.

"ಹೋಗಿ ಇಪ್ಪತ್ತು ವರ್ಷ ಆಯ್ತು" ಅಂದರು ಅತ್ತೆ.

ನಮ್ಮ ಕಡೆ ಮನೆ ಮನೆಯಲ್ಲೂ ಹೆಂಗಸರ ತಲೆಯಲ್ಲಿ ಇಂಥ ಒಂದು ಪಟ್ಟಿ ಇರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಯಾರು ಬಂದಾಗ ಮಕ್ಕಳನ್ನು ಎಲ್ಲಿ ಮಲಗಿಸಬೇಕು, ಯಾರ ಸ್ಕೂಟರ್ ಹತ್ತಿಸಬಾರದು. ಅತ್ತೆ ಸೊಸೆಗೆ ಕಣ್ಣಲ್ಲೇ ದಾಟಿಸುತ್ತಿದ್ದ ಪಟ್ಟಿ. ಎಷ್ಟೋ ಮಕ್ಕಳನ್ನು ಅದು ಕಾಪಾಡಿದೆ, ಆ ತಾಯಂದಿರ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಪೊಲೀಸರ ಹತ್ತಿರ ಹೋಗಲಿಲ್ಲ, ಮಕ್ಕಳ ಹತ್ತಿರವೂ ಹೋಗಲಿಲ್ಲ. ಆ ನೆಂಟ ಮುಂದಿನ ಹಬ್ಬಕ್ಕೆ ಇನ್ನೊಂದು ಮನೆಗೆ ಹೋದ. ಹಾಸಿಗೆ ಎತ್ತದ ಮನೆಗೆ. ಸೊಳ್ಳೆ ಅಂದುಕೊಂಡ ಮಗುವಿಗೆ, ಹಗಲು ಹೊತ್ತು ತೋಟದಲ್ಲಿ ಅವನು ಕರೆದರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಅನುಗೆ ಮುಖ, ವಿಳಾಸ, ಕಾರಿನ ನಂಬರು ಎಲ್ಲ ತೋರಿಸಿದ್ದರು. ಏನು ಮಾಡಬೇಕು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ.

ರಘು ಅವರ ಅಕ್ಕ ಆ ಹೆಣ್ಣುಮಕ್ಕಳಲ್ಲಿ ಒಬ್ಬರು. ಆ ವಾರ ಅತ್ತೆ ಶಿವಮೊಗ್ಗಕ್ಕೆ ಮಗಳಿಗೆ ಫೋನ್ ಮಾಡಿದರಂತೆ, ಕೋಣೆ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಮಾತಾಡಿದರಂತೆ. ಏನು ಅಂತ ನಾನು ಕೇಳಲಿಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಫ್ರಿಡ್ಜಿಂದ ಆ ಕಾಗದ ತೆಗೆಯುವುದು. ಅನು ಶಾಲೆಗೆ ಹೋದಾಗ ಕದ್ದು ತೆಗೆಯಬೇಡಿ, ಅವಳೆದುರಿಗೇ ತೆಗೆಯಿರಿ. ಏನು ಹೇಳಬೇಕು ಅಂತಲೂ ಕೂತು ಬರೆದೆವು: "ಇದು ದೊಡ್ಡವರು ನೋಡೋ ಕಾಗದ ಪುಟ್ಟಿ. ನಿನಗೆ ತೋರಿಸಿದ್ದು ನನ್ನ ತಪ್ಪು. ಇನ್ಮೇಲೆ ನಾನೂ ಅಪ್ಪನೂ ನೋಡ್ಕೋತೀವಿ. ನಿನ್ನ ಕೆಲಸ ಅಲ್ಲ ಇದು." ನನ್ನ ತಪ್ಪು ಅನ್ನುವ ಮಾತು ವಿದ್ಯಾ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣೀರು ಬಂತು. ತಪ್ಪೇ ಇರಬಹುದು, ಪ್ರೀತಿಯಿಂದ ಆದ ತಪ್ಪು ಅಂತ ಹೇಳಿದೆ.

ದಿನಕ್ಕೆ ಏಳೆಂಟು ಸಲ ಪಟ್ಟಿ ತೆಗೆದು ನೋಡುವುದು ಬಿಡಬೇಕಿತ್ತು. ಮೂರು ತಿಂಗಳಿಗೊಮ್ಮೆ, ಗಂಡ ಹೆಂಡತಿ ಇಬ್ಬರೂ ಕೂತು, ಹಗಲಲ್ಲಿ, ಒಂದು ಸಲ. ಮನೆ ಬದಲಾಯಿಸುವಾಗ, ಮಗುವನ್ನು ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಳ್ಳುವಾಗ ಇನ್ನೊಂದು ಸಲ. ಆಗ ನಮ್ಮ ರಾಜ್ಯದ ಪಟ್ಟಿ ಮಾತ್ರ ಸಾಲದು, ಎಲ್ಲ ರಾಜ್ಯಗಳದ್ದನ್ನೂ ಒಟ್ಟಿಗೆ ಹುಡುಕುವ ನ್ಯಾಯ ಇಲಾಖೆಯ ತಾಣ ಇದೆ. ಪಕ್ಕದ ಪೆನ್ಸಿಲ್ವೇನಿಯಾದಿಂದ ಬಂದವರ ಹೆಸರು ಅಲ್ಲಿ ಸಿಕ್ಕೀತು. ಮ್ಯೂಸಿಕ್ ಕ್ಲಾಸಿಗೆ ಬಾಗಿಲು ತೆಗೆದಿರಲಿ, ತಂದೆಯೋ ತಾಯಿಯೋ ಯಾವಾಗ ಬೇಕಾದರೂ ಒಳಗೆ ಬರಬಹುದು ಅಂತಿರಲಿ ಅಂದೆ. ಹೇಗೆ ಕೇಳುವುದು ಅಂತ ಮುಜುಗರಪಟ್ಟರು. ಕೇಳಿದಾಗ ಮೇಷ್ಟ್ರು, ಧಾರಾಳವಾಗಿ ಕೂತ್ಕೊಳ್ಳಿ ಅಂದರಂತೆ. ಹಾಗೆ ಅನ್ನದೇ ಸಿಡುಕುವವರ ಹತ್ತಿರ ಮಗುವನ್ನು ಬಿಡಬೇಡಿ.

ಹೆಚ್ಚು ಹೊತ್ತು ತೆಗೆದುಕೊಂಡಿದ್ದು ಮಾತು ಕಲಿಸುವ ಕೆಲಸ. ನಮ್ಮ ಮನೆಗಳಲ್ಲಿ ಮಗುವಿನ ಆ ಭಾಗಗಳಿಗೆ ಹೆಸರೇ ಇಲ್ಲ. "ಶೇಮ್ ಶೇಮ್" ಅಂತೀವಿ. ಅನು ಮನೆಯಲ್ಲೂ ಅದೇ. ಯೋಚನೆ ಮಾಡಿ, ನಾಚಿಕೆ ಅನ್ನುವುದನ್ನೇ ಹೆಸರಾಗಿ ಇಟ್ಟರೆ, ಅಲ್ಲಿ ಯಾರೋ ಮುಟ್ಟಿದರು ಅಂತ ಮಗು ಯಾವ ಬಾಯಲ್ಲಿ ಹೇಳಬೇಕು? ಡಾಕ್ಟರು ಹೇಳುವ ಹೆಸರನ್ನೇ ಕಲಿಸಿ ಅಂದೆ. ಇಲ್ಲಿನ ಟೀಚರಿಗೂ ಅರ್ಥ ಆಗಬೇಕಲ್ಲ. ವಿದ್ಯಾ ಹೇಳಿದರು, ರಘು ಕೆಂಪಾದರು, ಅತ್ತೆ ಕಿಟಕಿ ಕಡೆ ನೋಡಿದರು. ಎರಡು ವಾರದಲ್ಲಿ ಅಭ್ಯಾಸ ಆಯಿತು.

ಯಾರಾದರೂ "ಅಮ್ಮಂಗೆ ಹೇಳ್ಬೇಡ" ಅಂದರೆ ಅದನ್ನೇ ಮೊದಲು ಬಂದು ಹೇಳಬೇಕು ಅಂತ ಕಲಿಸಿದೆವು. ಹೇಳಿಕೊಳ್ಳಲು ಐದು ಜನ ದೊಡ್ಡವರನ್ನು ಅವಳೇ ಬೆರಳಿಗೊಬ್ಬರಂತೆ ಆರಿಸಿಕೊಂಡಳು. ಹೆಬ್ಬೆರಳು ಅಜ್ಜಿಗೆ. ಅಜ್ಜಿಗೆ ನಾನು ಬೇರೆಯಾಗಿ ಹೇಳಿದೆ: ಮಗು ಏನಾದರೂ ಹೇಳಿದರೆ ಕೂಗಾಡಬೇಡಿ, ಕೆದಕಿ ಕೆದಕಿ ಕೇಳಬೇಡಿ. ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ ಅನ್ನಿ. ಆಮೇಲೆ ಫೋನ್. ಇಲ್ಲಿ ಮಕ್ಕಳ ರಕ್ಷಣಾ ವಿಭಾಗದ 1-877-652-2873. ಊರಲ್ಲಿದ್ದರೆ 1098. ಎರಡೂ ಹಗಲು ರಾತ್ರಿ ಎತ್ತುತ್ತಾರೆ.

ನಮ್ಮ ದೇಶದಲ್ಲಿ ಇಂಥ ಪಟ್ಟಿ ಯಾಕಿಲ್ಲ ಅಂತ ರಘು ಕೇಳಿದರು. ಇದೆ. 2018ರ ಸೆಪ್ಟೆಂಬರ್ 20ರಿಂದ ಇದೆ, ಆದರೆ ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು. ಅಕ್ಕನ ಮಕ್ಕಳ ಸ್ಕೂಲ್ ವ್ಯಾನ್ ಬಗ್ಗೆ ಚಿಂತೆ ಇದ್ದರೆ, ಡ್ರೈವರ್‌ನ ಪೊಲೀಸ್ ವೆರಿಫಿಕೇಷನ್ ಆಗಿದೆಯಾ ಅಂತ ಶಾಲೆಯನ್ನು ಕೇಳಲಿ ಅಂದೆ. ಎಲ್ಲರಿಗೂ ಪಟ್ಟಿ ತೆರೆದಿಟ್ಟರೆ ಅಪರಾಧ ಕಡಿಮೆಯಾಗುತ್ತದೆ ಅಂತ ನಾನು ನಂಬಿಲ್ಲ. ನ್ಯೂಜೆರ್ಸಿಯದೇ ಅಂಕಿಅಂಶ ಇಟ್ಟುಕೊಂಡು 2008ರಲ್ಲಿ ಮಾಡಿದ ಅಧ್ಯಯನಕ್ಕೂ ಅಂಥ ಪರಿಣಾಮ ಕಾಣಲಿಲ್ಲ. ಹಾಗಂತ ಮೇಗನ್ ತಾಯಿ ಕೇಳಿದ್ದು ತಪ್ಪು ಅಂತಲೂ ನಾನು ಹೇಳಲಾರೆ. ಎದುರು ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರಬೇಕಿತ್ತು.

ನನ್ನ ಹತ್ತಿರ ಬರಲು ಶುರು ಮಾಡಿದ ಏಳನೇ ವಾರಕ್ಕೆ ಅನು ಹಾಸಿಗೆ ಒದ್ದೆ ಮಾಡುವುದು ನಿಂತಿತು. ಅಂಚೆಯವರ ಹೆಸರು ಕೇಳಿಕೊಂಡು ಬಂದು ಅಮ್ಮನಿಗೆ ಹೇಳಿದ್ದಳು. ಮನೆಯವರು ಆ ಮನೆಯಲ್ಲೇ ಇದ್ದಾರೆ. ಶಾಲೆ ಬಸ್ಸಿನ ನಿಲ್ದಾಣಕ್ಕೆ ರಘು ಇಲ್ಲವೇ ಅಜ್ಜಿ ಜೊತೆಗೆ ಹೋಗುತ್ತಾರೆ.

ಕೊನೆಯ ಭೇಟಿಯಲ್ಲಿ ವಿದ್ಯಾ ಯುಗಾದಿ ದಿನದ ವಿಷಯ ಹೇಳಿದರು. ಮನೆಗೆ ಹದಿನೈದು ಜನ ಬಂದಿದ್ದರು. ರಘು ಅವರ ಹಳೇ ಗೆಳೆಯರೊಬ್ಬರು, ಒಳ್ಳೆಯವರೇ, ಅನುವನ್ನು ಎಳೆದುಕೊಂಡು "ಅಂಕಲ್‌ಗೆ ಒಂದು ಮುತ್ತು ಕೊಡು" ಅಂದರು. ಅನು ಹಿಂದೆ ಸರಿದಳು. "ಬೇಡ" ಅಂದಳು. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಕೊಡಮ್ಮ, ಅಂಕಲ್ ಬೇಜಾರು ಮಾಡ್ಕೋತಾರೆ ಅಂತ ವಿದ್ಯಾ ಬಾಯಿ ತುದಿಗೆ ಬಂದಿತ್ತಂತೆ. ಅಷ್ಟರಲ್ಲಿ ಅಡುಗೆಮನೆಯಿಂದ ಹೋಳಿಗೆ ತಟ್ಟೆ ಹಿಡಿದುಕೊಂಡು ಅತ್ತೆ ಬಂದರು.

"ಕೈ ಮುಗಿದ್ರೆ ಸಾಕು ಬಿಡಪ್ಪ," ಅಂದರು. "ತಗೋ, ಹೋಳಿಗೆ ತಿನ್ನು."