ಕಿರುಬೆರಳಿಗೆ ರಜೆ ಕೊಡಿ

ಪ್ರಶ್ನೆ: ಸರ್, ಚಿಕ್ಕಂದಿನಿಂದ ವೀಣೆ ಕಲಿತವಳು ನಾನು. ಈಗ ಕ್ಲಾಸಿಕಲ್ ಗಿಟಾರ್ ಶುರು ಮಾಡಿದ್ದೇನೆ. ಬಲಗೈ ಕಿರುಬೆರಳು ಸೆಟೆದು ನಿಲ್ಲುತ್ತದೆ. ವೇಗ ಹೆಚ್ಚಿಸಿದರೆ ತೋರುಬೆರಳೇ ಎರಡೆರಡು ಸಲ ಮೀಟುತ್ತದೆ. ಮಳೆಗಾಲ ಬಂತೆಂದರೆ ಉಗುರೂ ಮುರಿಯುತ್ತದೆ. ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ಕಿರುಬೆರಳನ್ನು ಬೈಯಬೇಡಿ, ವೀಣೆಯಲ್ಲಿ ಅದಕ್ಕೆ ಕೆಲಸ ಇತ್ತು ಅಲ್ವಾ? ಅಲ್ಲಿ ತೋರುಬೆರಳು, ನಡುಬೆರಳು ನಾಲ್ಕು ಮುಖ್ಯ ತಂತಿಗಳನ್ನು ಕೆಳಮುಖವಾಗಿ ಮೀಟಿದರೆ, ಕಿರುಬೆರಳು ತಾಳದ ಮೂರು ತಂತಿಗಳನ್ನು ಮೇಲ್ಮುಖವಾಗಿ ಮೀಟುತ್ತದೆ. ಗಿಟಾರಿನಲ್ಲಿ ಹೆಬ್ಬೆರಳು ಕೆಳಕ್ಕೆ, ಉಳಿದ ಮೂರು ಬೆರಳು ಅಂಗೈ ಕಡೆಗೆ. ಕಿರುಬೆರಳಿಗೆ ಸಾಮಾನ್ಯವಾಗಿ ಕೆಲಸವೇ ಇಲ್ಲ. ಹಾಗಂತ ಅದನ್ನು ಮರೆತರೂ ಆಗದು, ಯಾಕೆಂದರೆ ಅದರ ಮತ್ತು ಉಂಗುರದ ಬೆರಳಿನ ಸ್ನಾಯುರಜ್ಜುಗಳು ಕೈಯ ಹಿಂಭಾಗದಲ್ಲಿ ಒಂದಕ್ಕೊಂದು ಸೇರಿಕೊಂಡಿವೆ, ಒಂದು ಬಿಗಿದರೆ ಇನ್ನೊಂದೂ ಬಿಗಿಯುತ್ತದೆ. ಉಂಗುರದ ಬೆರಳಿನ ಜೊತೆಗೇ ಅದೂ ಸಡಿಲವಾಗಿ ಬಾಗಲಿ.

ಎರಡೆರಡು ಸಲ ಮೀಟುವುದಕ್ಕೆ ಮದ್ದು ನಿಧಾನ. ಮೆಟ್ರೊನೋಮನ್ನು (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ ಇಡಿ, ಒಂದು ಬಡಿತಕ್ಕೆ ಎರಡು ಸ್ವರ, ತೋರುಬೆರಳು ನಡುಬೆರಳು ಸರದಿಯಂತೆ, ಒಂದೇ ತಂತಿ, ಎಡಗೈ ಬೇಡವೇ ಬೇಡ. ಮೀಟಿದ ಬೆರಳು ಪಕ್ಕದ ತಂತಿಗೆ ಒರಗಲಿ. ಇದನ್ನೇ ಗಿಟಾರಿನವರು ಅಪೊಯಾಂದೊ ಅನ್ನುತ್ತಾರೆ. ಒಂದು ಬೆರಳು ಮೀಟುವ ಹೊತ್ತಿಗೇ ಇನ್ನೊಂದು ವಾಪಸ್ ಹೊರಟಿರಬೇಕು. ಹೆಚ್ಚಿನವರು ಜೋರಾಗಿ ಮೀಟುವುದನ್ನು ಅಭ್ಯಾಸ ಮಾಡುತ್ತಾರೆ, ವಾಪಸ್ ಬರುವುದನ್ನು ಮಾಡುವುದಿಲ್ಲ, ವೇಗ ಸಿಕ್ಕಿಬೀಳುವುದು ಅಲ್ಲೇ. ಆಮೇಲೆ ತಂತಿ ಬದಲಿಸಿ ನೋಡಿ. ಎರಡನೇ ತಂತಿಯ ಕೊನೆಯ ಸ್ವರ ತೋರುಬೆರಳಿಗೆ, ಒಂದನೇ ತಂತಿಯ ಮೊದಲ ಸ್ವರ ನಡುಬೆರಳಿಗೆ ಬಂದರೆ ಕೈಗೆ ಸಲೀಸು. ತಿರುಗಮುರುಗ ಆದರೆ ಬೆರಳು ಗೋಜಲಾಗುತ್ತದೆ, ನಿಮ್ಮ ತೋರುಬೆರಳು ಮೋಸ ಮಾಡುವುದೂ ಬಹುಶಃ ಅಲ್ಲೇ. ಬೇಕಿದ್ದರೆ ಗಮನಿಸಿ.

ಉಗುರು: ನೀರಲ್ಲಿ ನೆನೆದರೆ ಮೆತ್ತಗಾಗುತ್ತದೆ. ಸ್ನಾನ ಮಾಡಿದ ಕೂಡಲೇ, ಪಾತ್ರೆ ತೊಳೆದ ಕೂಡಲೇ ನುಡಿಸಬೇಡಿ. ಅಂಗೈ ಕಡೆಯಿಂದ ನೋಡಿದಾಗ ಒಂದೆರಡು ಮಿಲಿಮೀಟರ್ ಕಂಡರೆ ಸಾಕು, ಅಂಚನ್ನು ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ವೀಣೆ ನುಡಿಸಲು ಬೆರಳಿಗೆ ಹಾಕುವ ತಂತಿಯ ಉಗುರನ್ನು ಮಾತ್ರ ಇಲ್ಲಿಗೆ ತರಬೇಡಿ, ನೈಲಾನ್ ತಂತಿ ಸವೆದುಹೋದೀತು.

ಪ್ರಶ್ನೆ: ಫ್ಲ್ಯಾಟಿನಲ್ಲಿದ್ದೇವೆ, ರಾತ್ರಿ ಗಿಟಾರ್ ಹಿಡಿದರೆ ಪಕ್ಕದ ಮನೆಯವರ ಕಿರಿಕಿರಿ.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳನ್ನು ಕಟ್ಟಿರುವ ಪಟ್ಟಿ) ಹತ್ತಿರ ತಂತಿಗಳ ಕೆಳಗೆ ಮಡಚಿದ ಕರ್ಚೀಫ್ ತುರುಕಿ. ಬೆರಳಿಗೆ ಅಭ್ಯಾಸ ಆಗುತ್ತದೆ, ಶಬ್ದ ಗೋಡೆ ದಾಟುವುದಿಲ್ಲ. ನಾದ ಹೇಗಿದೆ ಅಂತ ಮಾತ್ರ ಅದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಭಾನುವಾರ ಬೆಳಿಗ್ಗೆ ಬಟ್ಟೆ ತೆಗೆದು ನುಡಿಸಿ.